‘ಆಗೂದಿಲ್ರಿ’ ಅನ್ನುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದ ಸುತ್ತ ಇವೆ. ತಪ್ಪೆಂದು ಗೊತ್ತಿರುವ ಕೆಲಸಕ್ಕೆ ಒತ್ತಾಯ, ಬೇಡ ಅನ್ನಲು ಅಂಜಿಕೆ, ಅಂದಮೇಲೆ ಮುಂದೇನು ಎಂಬ ಚಿಂತೆ. ಹೆಸರು, ಊರು ಬಿಟ್ಟು ಪ್ರಶ್ನೆಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ. ಮೊದಲನೆಯದಕ್ಕೆ ಉದ್ದನೆಯ ಉತ್ತರ ಬೇಕಾಯಿತು. ಲೆಕ್ಕ ಬರೆಯುವ ಯಾರಿಗಾದರೂ ಅದರಲ್ಲಿ ಬೇಕಾದದ್ದು ಸಿಕ್ಕೀತು.

ಪ್ರಶ್ನೆ: ಗದಗ ಜಿಲ್ಲೆಯ ಹಳ್ಳಿಯೊಂದರ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಕಾರ್ಯದರ್ಶಿಯಾಗಿ ಸೇರಿ ನಾಲ್ಕು ತಿಂಗಳಾಯಿತು. ಕೀರ್ದಿಯಲ್ಲಿ (ದಿನದ ಲೆಕ್ಕದ ಪುಸ್ತಕ) ಕೈ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ನಗದು, 2,40,000 ರೂಪಾಯಿ ಅಂತ ಇದೆ, ತಿಜೋರಿಯಲ್ಲಿ ಇರುವುದು 60,000. ಹಿಂದಿನವರ ಕಾಲದ ಕೊರತೆ ಅನ್ನುತ್ತಾರೆ. ‘ಮಾರ್ಚ್ 31ಕ್ಕ ಶಿಲ್ಕು ಸರಿ ಐತಿ ಅಂತ ಒಂದ್ ಸಹಿ ಹಾಕ್ರಿ, ಆಮ್ಯಾಲ ಕೂಡಸೂಣು’ ಎಂದು ಅಧ್ಯಕ್ಷರು ಹೇಳುತ್ತಿದ್ದಾರೆ. ಕೆಲವು ರೈತರ ಸಾಲವನ್ನು ಅವರು ಬಾರದೆಯೇ ಕಟ್ಟಿದಂತೆ, ಮತ್ತೆ ಎತ್ತಿದಂತೆ ಬರೆಯಲೂ ಹೇಳುತ್ತಾರೆ. ಅಧಿಕಾರ ವಹಿಸಿಕೊಂಡಾಗ ನಾನು ಪಟ್ಟಿ ಮಾಡಿಸಿಕೊಳ್ಳಲಿಲ್ಲ. ಮನೆಯಲ್ಲಿ ದುಡಿಯುವವನು ನಾನೊಬ್ಬನೇ.

ಉತ್ತರ: ಸಹಿ ಹಾಕಬೇಡಿ. ಇವತ್ತಿನವರೆಗೆ 1,80,000 ರೂಪಾಯಿಯ ಕೊರತೆ ಇನ್ನೊಬ್ಬರದು. ಶಿಲ್ಕು ಸರಿಯಿದೆ ಎಂದು ನೀವು ಬರೆದ ಕ್ಷಣದಿಂದ ಅದು ನಿಮ್ಮದು, ಯಾಕೆಂದರೆ ಆ ದಿನ ಅಷ್ಟು ಹಣ ನಿಮ್ಮ ವಶದಲ್ಲಿತ್ತು ಎಂದು ನೀವೇ ಒಪ್ಪಿಕೊಂಡಂತೆ. ಮುಂದಿನ ವರ್ಷ ಲೆಕ್ಕಪರಿಶೋಧಕರು ಕೇಳಿದಾಗ ‘ಅಧ್ಯಕ್ಷರು ಹೇಳಿದರು’ ಎಂಬ ಮಾತಿಗೆ ಕಾಗದ ಇರುವುದಿಲ್ಲ, ನಿಮ್ಮ ಸಹಿಗೆ ಇರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 344ನೇ ಕಲಮು ಸುಳ್ಳು ಲೆಕ್ಕ ಬರೆದ ನೌಕರನಿಗೆ 7 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ‘ಒಂದ್ ಸಹಿ’ಯ ತೂಕ ಎಷ್ಟೆಂದು ಅಧ್ಯಕ್ಷರಿಗೆ ತಿಳಿಸಲು ನಿಮಗೆ ಇದು ಬೇಕಾಗುತ್ತದೆ.

ನಾಳೆ ಬೆಳಿಗ್ಗೆ ವ್ಯವಹಾರ ಸುರುವಾಗುವ ಮೊದಲು ಹಣ ಎಣಿಸಿ, ಒಬ್ಬರೇ ಬೇಡ. ಸಂಘದ ಇನ್ನೊಬ್ಬ ಸಿಬ್ಬಂದಿ, ಸಾಧ್ಯವಾದರೆ ಒಬ್ಬ ನಿರ್ದೇಶಕರು ಎದುರಿಗಿರಲಿ. ಮುಖಬೆಲೆಯ ಪ್ರಕಾರ ಚೀಟಿ ಬರೆಯಿರಿ, ಉದಾಹರಣೆಗೆ: 500ರ ನೋಟು 96, ಅಂದರೆ 48,000, 200ರದು 35, ಅಂದರೆ 7,000, 100ರದು 42, ಅಂದರೆ 4,200, 50ರದು 14, ಅಂದರೆ 700, ಚಿಲ್ಲರೆ 100, ಒಟ್ಟು 60,000. ಅದರ ಕೆಳಗೆ ‘ಕೀರ್ದಿಯ ಪ್ರಕಾರ 2,40,000, ಎಣಿಸಿದಾಗ 60,000, ವ್ಯತ್ಯಾಸ 1,80,000’ ಎಂಬ ಒಂದೇ ಸಾಲು. ದಿನಾಂಕ, ಸಮಯ, ಎಣಿಸಿದವರೆಲ್ಲರ ಸಹಿ. ಎರಡು ಪ್ರತಿ ಮಾಡಿ. ಒಂದನ್ನು ಆ ದಿನದ ಕೀರ್ದಿ ಪುಟಕ್ಕೆ ಅಂಟಿಸಿ, ಇನ್ನೊಂದು ನಿಮ್ಮ ಹತ್ತಿರ ಇರಲಿ. ಸಹಿ ಹಾಕಲು ಯಾರೂ ಒಪ್ಪದಿದ್ದರೆ ‘ಎಣಿಕೆಯ ವೇಳೆ ಹಾಜರಿದ್ದರು, ಸಹಿ ಮಾಡಲು ಒಪ್ಪಲಿಲ್ಲ’ ಎಂದು ಬರೆದು ನೀವು ಸಹಿ ಮಾಡಿ.

ನಾಲ್ಕು ತಿಂಗಳ ಹಿಂದಿನ ತಾರೀಖು ಹಾಕಿ ಅಧಿಕಾರ ಹಸ್ತಾಂತರದ ಪಟ್ಟಿ ತಯಾರಿಸುವ ಆಸೆ ಬರುತ್ತದೆ. ಪ್ರಾಮಾಣಿಕರು ಎಡವುವುದು ಇಂಥಲ್ಲೇ. ಸತ್ಯವನ್ನೇ ಹೇಳಲು ಸುಳ್ಳು ತಾರೀಖು ಹಾಕಿದರೆ ಇಡೀ ಕಾಗದ ಸುಳ್ಳಾಗುತ್ತದೆ. ರಸೀದಿಯ ಕ್ರಮಸಂಖ್ಯೆ, ಠರಾವು ಪುಸ್ತಕ, ಗಣಕಯಂತ್ರದಲ್ಲಿ ದಾಖಲಾದ ವೇಳೆ, ಯಾವುದಾದರೂ ಒಂದು ಅದನ್ನು ಬಯಲು ಮಾಡುತ್ತದೆ. ‘ಅಧಿಕಾರ ವಹಿಸಿಕೊಂಡಾಗ ಪಟ್ಟಿ ಆಗಿರಲಿಲ್ಲ, ಈ ದಿನ ಎಣಿಸಿದಾಗ ಕೊರತೆ ಕಂಡಿತು’ ಎಂದು ಇವತ್ತಿನ ತಾರೀಖಿನಲ್ಲೇ ಬರೆಯಿರಿ. ನಾಲ್ಕು ತಿಂಗಳು ಯಾಕೆ ಸುಮ್ಮನಿದ್ದಿರಿ ಎಂದು ಕೇಳುತ್ತಾರೆ. ಆ ತಪ್ಪು ನಿಮ್ಮದೇ, ಒಪ್ಪಿಕೊಳ್ಳಿ. ಅದಕ್ಕೆ ನೋಟಿಸು ಬರಬಹುದು, ಆದರೆ ಹಣ ತಿಂದ ಆರೋಪ ಬೇರೆಯೇ ತೂಕದ್ದು.

ಆಮೇಲೆ ಅಧ್ಯಕ್ಷರಿಗೆ ಪತ್ರ, ಅರ್ಧ ಪುಟ ಸಾಕು. ಕಂಡದ್ದನ್ನು ಮಾತ್ರ ಬರೆಯಿರಿ: ಎಷ್ಟು ಇರಬೇಕಿತ್ತು, ಎಷ್ಟಿದೆ, ಯಾರ ಎದುರು ಎಣಿಸಿದಿರಿ. ‘ಇಂಥವರು ತಿಂದಿದ್ದಾರೆ’ ಎಂದು ಒಂದು ಶಬ್ದ ಬರೆದರೂ ಜಗಳ ಹಣದಿಂದ ನಿಮ್ಮ ಮಾತಿನ ಮೇಲೆ ತಿರುಗುತ್ತದೆ. ಕೊನೆಗೆ ಎರಡು ಕೋರಿಕೆ: ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡಬೇಕು, ಬೇರೆ ರೀತಿ ಬರೆಯಬೇಕೆಂದಿದ್ದರೆ ಆದೇಶವನ್ನು ಲಿಖಿತವಾಗಿ ಕೊಡಬೇಕು. ಈ ಎರಡನೆಯ ಸಾಲು ದೊಡ್ಡ ಕೆಲಸ ಮಾಡುತ್ತದೆ. ಬಾಯಲ್ಲಿ ಸಲೀಸಾಗಿ ಬರುವ ಆದೇಶ ಕಾಗದಕ್ಕೆ ಬರಲು ಹಿಂಜರಿಯುತ್ತದೆ. ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಕೊಡದಿದ್ದರೆ ಅಂಚೆಯಲ್ಲಿ ಕಳಿಸಿ ಚೀಟಿ ಇಟ್ಟುಕೊಳ್ಳಿ. ರಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ, ಹಾಗಾಗಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ. ಒಂದು ವಾರದಲ್ಲಿ ಏನೂ ಆಗದಿದ್ದರೆ ಅದೇ ಪತ್ರದ ಪ್ರತಿ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಹೋಗಲಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಲ್ಲಿ ವಿಚಾರಣೆಗೆ, 69ರಲ್ಲಿ ನಷ್ಟ ಮಾಡಿದವರಿಂದ ವಸೂಲಿಗೆ ದಾರಿಯಿದೆ.

ಬಾಯಿಮಾತಿನಲ್ಲಿ ಹೇಳಬೇಕಾದದ್ದು ಇಷ್ಟೇ: ‘ಸಾಹೇಬ್ರ, ಎಣಿಸಿದಷ್ಟ ಬರೀತೇನ್ರಿ. ಅದಕ್ಕಿಂತ ಹೆಚ್ಚಿಗಿ ಬರಿಯಾಕ ನನಗ ಆಗೂದಿಲ್ರಿ.’ ಇದಕ್ಕೆ ಕಾರಣ ಸೇರಿಸಬೇಡಿ. ‘ಆಡಿಟ್ ಐತಿ’ ಅಂದರೆ ‘ಆಡಿಟ್ ನಾ ನೋಡ್ಕೋತೇನಿ’ ಅನ್ನುತ್ತಾರೆ. ‘ಹೆಂಡತಿ ಅಂಜತಾಳ್ರಿ’ ಅಂದರೆ ಮನೆಗೇ ಬರುತ್ತಾರೆ. ನೀವು ಕೊಡುವ ಪ್ರತಿ ಕಾರಣವೂ ಅವರು ಹಿಡಿದೆಳೆಯುವ ಹಗ್ಗವಾಗುತ್ತದೆ.

ಇನ್ನು ಕಟ್ಟಿದಂತೆ-ಎತ್ತಿದಂತೆ ಬರೆಯುವ ವಿಷಯ. ಸಾಲದ ವಹಿಯಲ್ಲಿ ಒಂದೇ ತಾರೀಖಿಗೆ ಒಬ್ಬ ರೈತನ ಹೆಸರಿಗೆ 1,00,000 ಜಮಾ, ಅದೇ ತಾರೀಖಿಗೆ 1,00,000 ಮತ್ತೆ ಖರ್ಚು. ತಿಜೋರಿಯ ಬಾಗಿಲು ತೆರೆದೇ ಇಲ್ಲ. ಕಾಗದದ ಮೇಲೆ ಕಟಬಾಕಿ (ಗಡುವು ಮೀರಿದ ಸಾಲ) ಮಾಯ. ಆದರೆ ರೈತನಿಗೆ ಗೊತ್ತೇ ಇಲ್ಲದ ಹೊಸ ಸಾಲ ಹುಟ್ಟಿತು, ನಾಳೆ ಸಾಲಮನ್ನಾವೋ ಬೆಳೆವಿಮೆಯೋ ಬಂದಾಗ ಅವನ ದಾಖಲೆಯೇ ಅವನಿಗೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಇದಕ್ಕೆ ನಾವು ಹೆಚ್ಚು ಕಟುವಾಗಿ ಬೇಡ ಅನ್ನುತ್ತೇವೆ. ರೈತ ಸ್ವತಃ ಬರಬೇಕು, ಪಾಸ್‌ಬುಕ್ ತರಬೇಕು, ಸಹಿ ಅಥವಾ ಹೆಬ್ಬೆಟ್ಟು ನಿಮ್ಮ ಎದುರು ಬೀಳಬೇಕು, ಪಾಸ್‌ಬುಕ್ಕಿನಲ್ಲಿ ಆಗಲೇ ಬರೆದು ಅವನ ಕೈಗೆ ಕೊಡಬೇಕು. ಖಾಲಿ ಅರ್ಜಿಗಳ ಮೇಲೆ ಮೊದಲೇ ಹಾಕಿಸಿಟ್ಟ ಹೆಬ್ಬೆಟ್ಟು ಕಪಾಟಿನಲ್ಲಿ ಸಿಕ್ಕರೆ ಹರಿಯಬೇಡಿ, ಬಳಸಲೂ ಬೇಡಿ. ಎಷ್ಟು ಹಾಳೆ ಎಂದು ಎಣಿಸಿ ಪತ್ರದಲ್ಲಿ ಸೇರಿಸಿ.

ಸಂಘದ ಮೂಲ ದಾಖಲೆ ಒಂದನ್ನೂ ಮನೆಗೆ ಒಯ್ಯಬೇಡಿ. ನಿಮ್ಮ ಮೇಲೆ ಕೇಸು ಹಾಕಲು ಅದೊಂದೇ ಸಾಕು. ಸಂಬಳದ ಮುಂಗಡವನ್ನೂ ತೆಗೆದುಕೊಳ್ಳಬೇಡಿ. ದೀಪಾವಳಿಗೆ ಪಡೆದ 20,000 ಮಾರ್ಚ್ ತಿಂಗಳಿನಲ್ಲಿ ನಾಲಿಗೆ ಕಟ್ಟುತ್ತದೆ. ದುಡಿಯುವವರು ಒಬ್ಬರೇ ಇರುವ ಮನೆಯಲ್ಲಿ ಮೂರು ತಿಂಗಳ ರೇಷನ್, ಬಾಡಿಗೆ, ಮಕ್ಕಳ ಫೀ ಬೇರೆ ಖಾತೆಯಲ್ಲಿದ್ದರೆ ‘ಆಗೂದಿಲ್ರಿ’ ಅನ್ನುವ ಧ್ವನಿಯೇ ಬೇರೆ ಇರುತ್ತದೆ. ತಿಂಗಳಿಗೆ 1,000 ಆದರೂ ಅದಕ್ಕೆಂದೇ ತೆಗೆದಿಡಿ.

ನಿಮ್ಮದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಊರವರು ತಮ್ಮ ರೊಕ್ಕವನ್ನು ಊರಿನದೇ ಒಂದು ಪುಸ್ತಕಕ್ಕೆ ನಂಬಿ ಕೊಟ್ಟದ್ದರಿಂದ ಇಂಥ ಸಂಘಗಳು ನಿಂತವು. ನೀವು ಈಗ ಕಾಯುತ್ತಿರುವುದು ಆ ಪುಸ್ತಕವನ್ನೇ.

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಹೊಲಕ್ಕೆ ನಮ್ಮ ಹೆಸರು ಹಚ್ಚಲು ವಾರಸಾ ಅರ್ಜಿ ಕೊಟ್ಟೆವು. ಕಚೇರಿಯಲ್ಲಿ 5,000 ಲಂಚ ಕೇಳುತ್ತಿದ್ದಾರೆ. ‘ಕೊಟ್ಟು ಮುಗಸು’ ಎಂದು ಮನೆಯವರು. ಕೊಡಲು ಮನಸ್ಸಿಲ್ಲ, ದೂರು ಕೊಡಲು ಧೈರ್ಯವಿಲ್ಲ. (ಹಾವೇರಿ ಜಿಲ್ಲೆ)

ಉತ್ತರ: ಕೊಡುವುದು, ದೂರು ಕೊಡುವುದು ಎಂಬ ಎರಡೇ ದಾರಿ ಇಲ್ಲ. ನಡುವೆ ಮೂರನೆಯದಿದೆ, ಮೊದಲು ಅದನ್ನು ನೋಡಿ. ಅರ್ಜಿ ಕೊಟ್ಟಾಗ ಸಕಾಲದ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡುವ ವ್ಯವಸ್ಥೆ) 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಸಿಕ್ಕಿತೇ? ಇಲ್ಲದಿದ್ದರೆ ನಿಮ್ಮ ಅರ್ಜಿ ಲೆಕ್ಕದಲ್ಲೇ ಇಲ್ಲ. ನಾಡಕಚೇರಿಗೆ ಹೋಗಿ ಅದನ್ನು ಪಡೆಯಿರಿ. ಸಂಖ್ಯೆ ಇದ್ದರೆ ಗಡುವು ಓಡುತ್ತಿರುತ್ತದೆ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ವಿಳಂಬದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಮೊತ್ತ ಸಣ್ಣದು ನಿಜ, ಆದರೆ ವಿಳಂಬಕ್ಕೆ ಯಾರು ಹೊಣೆ ಎಂಬುದು ಅವರ ದಾಖಲೆಗೆ ಏರುತ್ತದೆ. ಕಚೇರಿಗೆ ಪ್ರತಿ ಸಲ ಇನ್ನೊಬ್ಬರ ಜೊತೆ ಹೋಗಿ. ಹಣದ ಮಾತು ಬಂದಾಗ ‘ಯಾವ ದಾಖಲೆ ಕಡಿಮಿ ಐತಿ, ಬರದು ಕೊಡ್ರಿ, ತರತೇವ್ರಿ’ ಎಂದು ಒಂದೇ ಮಾತು ಹೇಳಿ. ವಂಶವೃಕ್ಷ, ಮರಣ ಪ್ರಮಾಣಪತ್ರ, ಆಧಾರ್ ಪ್ರತಿಗಳು ಪೂರ್ತಿ ಇದ್ದರೆ ಈ ಮಾತಿಗೆ ಬಲ ಬರುತ್ತದೆ. ಒಂದು ಕಾಗದ ಕಡಿಮೆಯಿದ್ದರೂ ಅದೇ ಅವರಿಗೆ ನೆಪ.

ಇಷ್ಟಕ್ಕೂ ಜಗ್ಗದಿದ್ದರೆ ಲೋಕಾಯುಕ್ತ ಪೊಲೀಸರು. ಹಾವೇರಿ, ಗದಗ, ಧಾರವಾಡ ಮೂರೂ ಕಡೆ ಅವರ ಠಾಣೆಯಿದೆ; 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಈ ದೂರುಗಳೆಲ್ಲ ಮತ್ತೆ ಅಲ್ಲಿಗೇ ಹೋಗುತ್ತವೆ. ಅಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಅರ್ಧ ಅಂಜಿಕೆ ಹೋಗುತ್ತದೆ. ಲಿಖಿತ ದೂರು ಪಡೆದು ಎಫ್‌ಐಆರ್ ದಾಖಲಿಸುತ್ತಾರೆ. ಬೇರೆ ಇಲಾಖೆಯ ಇಬ್ಬರು ನೌಕರರನ್ನು ಪಂಚರನ್ನಾಗಿ, ಅಂದರೆ ಸಾಕ್ಷಿಗಳಾಗಿ, ಕರೆಸುತ್ತಾರೆ. ನೀವು ತಂದ ನೋಟುಗಳ ಸಂಖ್ಯೆ ಬರೆದುಕೊಂಡು ಅವಕ್ಕೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಆ ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೋನೇಟ್ ಕರಗಿಸಿದ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಮೊದಲೇ ನಿಮ್ಮ ಎದುರು ಮಾಡಿ ತೋರಿಸಿ ಪಂಚನಾಮೆ ಬರೆಯುತ್ತಾರೆ.

ಪ್ರಕರಣ ಕೆಡುವುದು ಎಲ್ಲಿ? ಬಹಳ ಸಲ, ಅವರು ಕೇಳುವ ಮೊದಲೇ ದೂರುದಾರ ಅವಸರದಲ್ಲಿ ಹಣ ತೆಗೆದು ಮೇಜಿನ ಮೇಲೆ ಇಡುವಲ್ಲಿ. ಕೇಳಿದ್ದು ಸಾಬೀತಾಗಬೇಕು, ಬರೀ ಹಣ ಸಿಕ್ಕರೆ ಸಾಲದು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಲೇಬೇಕು ಎಂದಿದೆ. ಆದ್ದರಿಂದ ‘ನನ್ನ ಕೆಲಸ ಏನಾತ್ರಿ?’ ಎಂದು ಕೇಳಿ ಸುಮ್ಮನೆ ನಿಲ್ಲಿ. ಮೌನ ಕಷ್ಟ, ಆದರೂ ಅವರೇ ಮಾತಾಡಲಿ. ಅವರು ಕೇಳಿದ ಮೇಲೆ ಮಾತ್ರ ಕಿಸೆಗೆ ಕೈ ಹಾಕಿ. ಅದಕ್ಕೂ ಮೊದಲು ನೋಟು ಮುಟ್ಟಬೇಡಿ, ಕೈಕುಲುಕಬೇಡಿ. ಆ ಹಣ ಮುದ್ದೆಮಾಲಾಗಿ (ಪ್ರಕರಣದ ಸಾಕ್ಷ್ಯವಸ್ತು) ಜಪ್ತಿಯಾಗುತ್ತದೆ, ಕೂಡಲೇ ಕೈಗೆ ಬಾರದು. ಹೇಗೆ ಮರಳುತ್ತದೆ ಎಂದು ದೂರು ಕೊಡುವಾಗಲೇ ಕೇಳಿಕೊಳ್ಳಿ. ವರ್ಷಗಳ ನಂತರ ಸಾಕ್ಷಿ ಹೇಳಬೇಕಾಗುತ್ತದೆ. ಅಂದಿನ ರಾತ್ರಿಯೇ ಯಾರು ಏನೆಂದರು ಎಂದು ನಿಮ್ಮ ನೆನಪಿಗೆ ಒಂದು ಹಾಳೆಯಲ್ಲಿ ಬರೆದಿಡಿ.

ಒತ್ತಾಯಕ್ಕೆ ಈಗಾಗಲೇ ಕೊಟ್ಟುಬಿಟ್ಟಿದ್ದರೆ? ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ತಿಳಿಸಿದರೆ ಅವರ ಮೇಲೆ ಆ ಅಪರಾಧ ನಿಲ್ಲುವುದಿಲ್ಲ. ಎಂಟನೆಯ ದಿನದವರೆಗೆ ಕಾಯಬೇಡಿ.

ಪ್ರಶ್ನೆ: ಧಾರವಾಡ ಸಮೀಪದ ಪ್ರೌಢಶಾಲೆಯ ಶಿಕ್ಷಕಿ. ಪರೀಕ್ಷೆ ಕೋಣೆಯಲ್ಲಿ ‘ನೋಡಿನೂ ನೋಡದಂಗ ಇರ್ರಿ, ಶಾಲೆ ಫಲಿತಾಂಶ ಬೀಳತೈತಿ’ ಅನ್ನುತ್ತಾರೆ.

ಉತ್ತರ: ಎಸ್‌ಎಸ್‌ಎಲ್‌ಸಿ ಕೋಣೆಗಳಿಗೆ 2024ರಲ್ಲಿ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ಕಣ್ಗಾವಲು) ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ ಶೇಕಡಾ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಕಣ್ಣು ಮುಚ್ಚಿಕೊಂಡ ವರ್ಷಗಳಲ್ಲಿ ಮಕ್ಕಳು ಏನು ಕಲಿಯಲಿಲ್ಲ ಎಂಬುದು ಆ ಅಂಕಿಯಲ್ಲೇ ಇದೆ. ಕೋಣೆಯಲ್ಲಿ ನೀವು ಮಾಡಬೇಕಾದದ್ದು ಮೊದಲ ಹತ್ತು ನಿಮಿಷದ ಕೆಲಸ: ಪ್ರಶ್ನೆಪತ್ರಿಕೆ ಹಂಚುವ ಮೊದಲು ‘ಚೀಟಿ ಇದ್ರ ಈಗ ಹೊರಗ ಇಟ್ಟು ಬರ್ರಿ, ನಾ ಯಾರ ಹೆಸರೂ ಬರಕೊಳ್ಳೂದಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ. ಹೆಚ್ಚಿನ ಮಕ್ಕಳು ಇಟ್ಟು ಬರುತ್ತಾರೆ. ಮಗುವನ್ನು ಹಿಡಿದು ಅವಮಾನ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ನಮ್ಮ ಓಣಿಯ ಅಕ್ಕನಿಗೆ ಫೈನಾನ್ಸಿನವರು ಇನ್ನು ಸಾಲ ಕೊಡುವುದಿಲ್ಲವಂತೆ. ‘ನಿನ್ನ ಹೆಸರಲೆ ಎತ್ತಿಕೊಡು ತಂಗಿ, ಕಂತು ನಾ ಕಟ್ಟತೇನಿ’ ಅನ್ನುತ್ತಾಳೆ. ಆಕೆ ನನ್ನ ಬಾಣಂತನ ಮಾಡಿದವಳು. ಬೇಡ ಅನ್ನುವುದು ಹ್ಯಾಂಗ? (ರಾಣೆಬೆನ್ನೂರು ತಾಲ್ಲೂಕು)

ಉತ್ತರ: ಉಪಕಾರದ ಋಣ ದೊಡ್ಡದು, ತೀರಿಸಲೇಬೇಕು. ಆದರೆ ಸಾಲದ ಅರ್ಜಿಯಲ್ಲಿ ನೀವು ‘ಈ ಹಣ ನನ್ನ ಹೊಲಿಗೆಗೆ, ನನ್ನ ಎಮ್ಮೆಗೆ’ ಎಂದು ಬರೆಯುತ್ತೀರಿ. ಅಲ್ಲೇ ಮೊದಲ ಸುಳ್ಳು. ಎರಡು ಕಂತು ತಪ್ಪಿದರೆ ನಿಮ್ಮ ಜೊತೆ ಸಾಲ ಎತ್ತಿದ ಸಂಘದ ಹೆಣ್ಣುಮಕ್ಕಳು ನಿಲ್ಲುವುದು ನಿಮ್ಮ ಕಟ್ಟೆಯ ಮೇಲೆ, ಆಕೆಯ ಕಟ್ಟೆಯ ಮೇಲಲ್ಲ. ಆಕೆಗೆ ಯಾಕೆ ಸಾಲ ಸಿಗುತ್ತಿಲ್ಲ ಎಂದೂ ಯೋಚಿಸಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಒಂದು ಕುಟುಂಬದ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. 12,000 ಆದಾಯವಿದ್ದರೆ ಕಂತು 6,000ಕ್ಕೆ ನಿಲ್ಲಬೇಕು. ಆಕೆ ಈಗಾಗಲೇ ಆ ಗೆರೆ ಮುಟ್ಟಿರಬಹುದು. ಹೊಸ ಸಾಲದಿಂದ ಹಳೆಯ ಕಂತು ಕಟ್ಟುತ್ತಾಳೆ, ಮೂರು ತಿಂಗಳಿಗೆ ಅದೂ ಮುಗಿಯುತ್ತದೆ.

ಆಕೆಗೆ ಹೀಗೆ ಹೇಳಿ: ‘ಅಕ್ಕಾ, ಹೆಸರು ಕೊಡೂದಿಲ್ಲವಾ. ನನ್ನ ಕೈಲೆ ಆಗೂವಷ್ಟು ರೊಕ್ಕ ಕೊಡತೇನಿ, ತಿರುಗಿ ಕೇಳೂದಿಲ್ಲ.’ ಎರಡು ಸಾವಿರವೋ ಒಂದು ಚೀಲ ಜೋಳವೋ, ಕಳೆದುಕೊಂಡರೂ ನಿದ್ದೆ ಕೆಡದಷ್ಟು ಕೊಡಿ. ಆಮೇಲೆ ಆಕೆಯ ಜೊತೆ ಕುಳಿತು ಯಾವ ಕಂಪನಿಗೆ ಎಷ್ಟು ಬಾಕಿ, ವಾರದ ಯಾವ ದಿನ ಕಂತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ ನೋಡಿದ ದಿನ ಬಹಳ ಮಂದಿ ಮೊದಲ ಸಲ ತಮ್ಮ ಸಾಲದ ಮೊತ್ತ ಕಾಣುತ್ತಾರೆ. ವಸೂಲಿಯವರು ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ, ಬಂಧುಗಳನ್ನು ಕಾಡುವಂತಿಲ್ಲ. ಕಾಡಿದರೆ ಮೊದಲು ಕಂಪನಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಖರ್ಚಿಲ್ಲ, 14448ಕ್ಕೆ ಕರೆ ಮಾಡಿ ಕೇಳಬಹುದು. ಬೆದರಿಕೆಯಿದ್ದರೆ ನೇರ ಠಾಣೆಗೆ ಹೋಗಿ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಯಲ್ಲೇ ಕಿರುಕುಳದ ವಸೂಲಿಗೆ 10 ವರ್ಷದವರೆಗೆ ಶಿಕ್ಷೆ ಹೇಳಿದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಅಂಗಡಿಯಿದೆ. ಭಾವನ ಸಾಲಕ್ಕೆ, ಸಾಲ ಕೊಡುವವರು ನನ್ನ ಸಹಿ ಮಾಡಿದ ಖಾಲಿ ಚೆಕ್ ಕೇಳುತ್ತಿದ್ದಾರೆ. ‘ಬರೀ ನಂಬಿಕೆಗೆ’ ಅಂತೆ.

ಉತ್ತರ: ಕೊಡಬೇಡಿ. ಇಷ್ಟವಿದ್ದು ಕೊಟ್ಟ ಖಾಲಿ ಚೆಕ್ಕಿಗೂ ಕಾನೂನಿನ ಬಲವಿದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಮೊತ್ತ ಬರೆದವರು ಯಾರೇ ಇರಲಿ, ಸಾಲ ಇರಲಿಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಈಗಾಗಲೇ ಕೊಟ್ಟಿದ್ದರೆ ಚೆಕ್ ಸಂಖ್ಯೆ, ಕೊಟ್ಟ ತಾರೀಖು, ಯಾವ ಸಾಲಕ್ಕೆ, ಎಷ್ಟಕ್ಕೆ ಎಂದು ಬರೆದ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಅವರಿಗೆ ಕಳಿಸಿ. ಮುಂದೆ ಚೆಕ್ ವಾಪಸಾಗಿ ನೋಟಿಸು ಬಂದರೆ ಹಣ ಕಟ್ಟಲು 15 ದಿನವಷ್ಟೇ ಇರುತ್ತದೆ. ನೋಟಿಸು ತೆಗೆದುಕೊಳ್ಳದೆ ಅಂಚೆಯವರನ್ನು ವಾಪಸು ಕಳಿಸುವುದು ದೊಡ್ಡ ತಪ್ಪು. ತಲುಪಿದಂತೆಯೇ ಲೆಕ್ಕ ಹಿಡಿಯುತ್ತಾರೆ. ಅದೇ ದಿನ ವಕೀಲರನ್ನು ಕಾಣಿ.

ಪ್ರಶ್ನೆ: ನೀವು ಹೇಳುವುದೆಲ್ಲ ಸರಿ. ಎದುರಿಗೆ ನಿಂತಾಗ ಕೈ ನಡುಗುತ್ತದೆ, ದನಿ ಹೊರಡುವುದಿಲ್ಲ. ಧೈರ್ಯ ಹುಟ್ಟಿನಿಂದಲೇ ಬರಬೇಕೇ?

ಉತ್ತರ: ಇಲ್ಲ. ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಗಾಂಧೀಜಿಯ ತಂಡದ ಜೊತೆ ದಂಡಿಗೆ ನಡೆದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ 24 ದಿನ ಅವರೆಲ್ಲರಿಗೂ ಇದ್ದ ಕಟ್ಟುಪಾಡು ದಿನವೂ ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು. ಅದಾಗಿ 13 ವರ್ಷಕ್ಕೆ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರ ಜೊತೆ ಗುಂಡಿಗೆ ಎದೆಯೊಡ್ಡಿದರು. ಗುಂಡಿನ ದಿನವನ್ನು ನಾವು ನೆನೆಯುತ್ತೇವೆ, ದಿನಚರಿಯ ದಿನಗಳನ್ನು ಮರೆಯುತ್ತೇವೆ. ಕಲಿಯಬೇಕಾದದ್ದು ಆ ದಿನಗಳಲ್ಲಿದೆ.

ನಿಮಗೆ ಬೇಕಾದ ಅಭ್ಯಾಸ ಹೀಗೆ. ಹೇಳಬೇಕಾದ ಮಾತನ್ನು ಹತ್ತು ಶಬ್ದದೊಳಗೆ ಬರೆಯಿರಿ. ಮನೆಯಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿ, ಅವರು ಸಿಟ್ಟು ಮಾಡಿದಂತೆ, ನಕ್ಕಂತೆ, ಗೋಗರೆದಂತೆ ಮಾಡಲಿ. ಮೂರಕ್ಕೂ ಅದೇ ಹತ್ತು ಶಬ್ದ ಹೇಳಿ. ಗೋಗರೆದಾಗಲೇ ಬಹಳ ಜನ ಸೋಲುತ್ತಾರೆ, ಅದನ್ನು ಹೆಚ್ಚು ಸಲ ಮಾಡಿ. ಒಳಗೆ ಹೋಗುವ ಮೊದಲು ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡಿ, ಹತ್ತು ಸಲ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಕೈ ನಡುಗಿದರೆ ಕುರ್ಚಿಯ ಹಿಡಿ ಹಿಡಿದುಕೊಳ್ಳಿ. ದನಿ ಹೊರಡದಿದ್ದರೆ ಚೀಟಿ ತೆಗೆದು ಓದಿ, ಅದರಲ್ಲಿ ನಾಚಿಕೆಯಿಲ್ಲ. ಅಲ್ಲೇ ಉತ್ತರ ಕೇಳಿ ಒತ್ತಿದರೆ ‘ನಾಳಿಗೆ ಬರದು ಕೊಡತೇನ್ರಿ’ ಎಂದು ಎದ್ದು ಬನ್ನಿ, ಮಾರನೆಯ ದಿನ ತಪ್ಪದೆ ಬರೆದು ಕೊಡಿ.

ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನು ಅಂಜಿಕೆ ಎಂದು ಬಿಡಬೇಡಿ. ಬದುಕು ಬೇಡವೆಂಬ ಯೋಚನೆಗೆ ಎರಡು ವಾರ ಕಾಯುವುದೂ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416 ಹಗಲು-ರಾತ್ರಿ ತೆರೆದಿದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಮನೆಯ ಒಬ್ಬರು ಜೊತೆಗಿರಲಿ.